ಬೆಲ್ಲಿಲ್ಲದ ಸೈಕಲ್ಲು

ಹೋದ ತಿಂಗಳು ಹಿನಕಲ್ ಹತ್ತಿರ ನನ್ನ ಮೊಮ್ಮಗಳ ಸ್ಕೂಟರು ಪಂಕ್ಚರ್ ಆಯಿತು. ರಸ್ತೆ ಬದಿಯ ಹೊಂಗೆಮರದ ಕೆಳಗೆ ಕೂತಿದ್ದವನೊಬ್ಬ ಟ್ಯೂಬು ಬಿಚ್ಚಿ, ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕಿ, ಅರದಿಂದ ಉಜ್ಜಿ, ಸೊಲ್ಯೂಷನ್ ಹಿಂಡಿ ಬೆರಳಿನಿಂದ ಸವರಿದ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಎಪ್ಪತ್ತೈದು ದಾಟಿದ ನನ್ನ ಮೈ ಬೆವೆತುಹೋಯಿತು. "ತಾತ, ಏನಾಯ್ತು? ಕೂತ್ಕೊಳ್ಳಿ" ಎಂದು ಹುಡುಗಿ ಗಾಬರಿಯಾದಳು. ಬಿಸಿಲು ಕಣಮ್ಮ ಎಂದೆ. ಬಿಸಿಲೇನೂ ಇರಲಿಲ್ಲ. ಇದೇ ಹಿನಕಲ್ಲಿನಲ್ಲಿ, ಇದಿನ್ನೂ ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದ ಕಾಲದಲ್ಲಿ, ಬದುಕಿದ್ದ ಮಗಳು ಸತ್ತಳೆಂದು ಒಬ್ಬ ತಾಯಿಯನ್ನು ನಾನು ನಂಬಿಸಿಬಿಟ್ಟಿದ್ದೆ. ಒಂದೇ ಒಂದು ಸುಳ್ಳು ಆಡದೆ ನಂಬಿಸಿದ್ದೆ.

ಕನ್ನಡ ಸೀಮೆಗಳೆಲ್ಲ ಸೇರಿ ಒಂದೇ ರಾಜ್ಯವಾಗುವುದಕ್ಕೆ ಹಿಂದಿನ ವರ್ಷ ಅದು. ಇಪ್ಪತ್ತೆರಡರ ವಯಸ್ಸಿನ ನಾನು ಚಿಂತಾಮಣಿ ಕಡೆಯಿಂದ ಮೈಸೂರಿನ ಒಂದು ಮಿಡ್ಲ್ ಸ್ಕೂಲಿಗೆ ಮೇಷ್ಟರಾಗಿ ಬಂದಿಳಿದೆ. ಕೈಯಲ್ಲಿ ಒಂದು ಟ್ರಂಕು, ತಲೆಯ ತುಂಬ ಹೊಸ ವಿಚಾರಗಳು. ಶಕುನ, ರಾಹುಕಾಲ, ಬೆಕ್ಕು ಅಡ್ಡ ಬರುವುದು, ಇವನ್ನೆಲ್ಲ ಒಂದೇ ವರ್ಷದಲ್ಲಿ ಮಕ್ಕಳ ತಲೆಯಿಂದ ಕಿತ್ತುಹಾಕಿಬಿಡುತ್ತೇನೆ ಎಂಬ ಹುಮ್ಮಸ್ಸು ಬೇರೆ. ಅಗ್ರಹಾರದ ಆಚೆ, ಜವರಪ್ಪ ಎಂಬುವನ ಸೈಕಲ್ ಅಂಗಡಿಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಲಗಿದರೆ ಗೋಡೆಯಾಚೆಯಿಂದ ರಬ್ಬರು, ಗ್ರೀಸು, ಸೊಲ್ಯೂಷನ್ನಿನ ವಾಸನೆ ಬರುತ್ತಿತ್ತು. ಒಂದು ವಾರದಲ್ಲಿ ಅದಿಲ್ಲದಿದ್ದರೆ ನಿದ್ದೆ ಬಾರದು ಎನ್ನುವಂತಾಯಿತು.

ಆಗಿನ ಮೈಸೂರಿನಲ್ಲಿ ಬರೀ ಸೈಕಲ್ ಅಂಗಡಿ ಎನ್ನುವುದೇ ಇರಲಿಲ್ಲವೇನೋ. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವುದು ಮುಂಬಾಗಿಲಿನ ಕಸುಬು, ಅದರ ಜೊತೆಗೆ ಇನ್ನೊಂದು ಯಾವುದೋ ನಡೆಯುತ್ತಿತ್ತು. ನಮ್ಮ ಬೀದಿಯ ತುದಿಯವನು ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನಿಂದಲೇ ಹಾರ್ಮೋನಿಯಂ ತಿದಿಗೆ ತೇಪೆ ಹಾಕುತ್ತಿದ್ದ. ಸಂಗೀತದ ಮೇಷ್ಟರುಗಳು ಅಲ್ಲಿ ಪಂಪಿನ ಪಕ್ಕ ಕೂತು ಶ್ರುತಿ ನೋಡುತ್ತಿದ್ದರು. ಮಾರ್ಕೆಟ್ಟಿನ ಹಿಂದಿನವನು ಹಲ್ಲು ಕೀಳುತ್ತಿದ್ದ. ಬಂದ ಮೊದಲ ವಾರವೇ ಅದನ್ನು ಕಣ್ಣಾರೆ ಕಂಡು ದಂಗಾದೆ. ಸ್ಟ್ಯಾಂಡು ಹಾಕಿದ ಸೈಕಲ್ಲಿನ ಸೀಟಿನ ಮೇಲೆ ಗಿರಾಕಿಯನ್ನು ಕೂರಿಸಿ, "ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಳ್ಳಿ, ಪೆಡಲ್ ಮಾತ್ರ ತುಳೀಬೇಡಿ" ಎಂದು ಇಕ್ಕಳ ಹಾಕಿ ಎಳೆದ. ಗಿರಾಕಿ ನೋವಿಗೆ ಪೆಡಲ್ ತುಳಿದೇ ತುಳಿದ. ಹಿಂದಿನ ಚಕ್ರ ಗಿರ್ರನೆ ತಿರುಗುತ್ತಿರುವಾಗಲೇ ಹಲ್ಲು ಈಚೆ ಬಂತು. ಬೀದಿಯ ಜನ ಇದನ್ನು ಏನೂ ವಿಶೇಷವಲ್ಲವೆಂಬಂತೆ ನೋಡಿಕೊಂಡು ಹೋಗುತ್ತಿದ್ದರು.

ಜವರಪ್ಪನ ಅಂಗಡಿಯಲ್ಲಿ ಹನ್ನೊಂದು ಬಾಡಿಗೆ ಸೈಕಲ್ಲುಗಳಿದ್ದವು. ಎಲ್ಲಕ್ಕೂ ಹಸಿರು ಬಣ್ಣ, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ನಂಬರು. ಅವಲ್ಲದೆ ಒಳಗೋಡೆಗೆ ಒರಗಿಸಿದ್ದ ಒಂದು ಹಳೇ ಕಪ್ಪು ಸೈಕಲ್ಲಿತ್ತು. ಅದಕ್ಕೆ ನಂಬರೂ ಇಲ್ಲ, ಬೆಲ್ಲೂ ಇಲ್ಲ. ಒಂದು ದಿನ ಸ್ಕೂಲಿಗೆ ಹೊತ್ತಾಯಿತೆಂದು ನಾನು ಅದನ್ನೇ ಹೊರಕ್ಕೆ ತಳ್ಳಿದೆ. ಜವರಪ್ಪನ ಹೆಂಡತಿ ನಿಂಗಮ್ಮ ಒಲೆ ಮುಂದಿನಿಂದ ಎದ್ದು ಓಡಿಬಂದು ಕ್ಯಾರಿಯರ್ ಹಿಡಿದು ನಿಂತಳು.

"ಅದ್ನ ಬುಡಿ ಮೇಷ್ಟ್ರೇ! ಅದು ಸುದ್ದಿ ಸೈಕಲ್ಲು ಕಣ್ರೀ!"

ಎಂಥ ಸುದ್ದಿ ಎಂಬುದು ಅದೇ ವಾರ ಗೊತ್ತಾಯಿತು. ಆಷಾಢದ ಗಾಳಿ, ಜಿಟಿಜಿಟಿ ಮಳೆ. ಬೆಳಿಗ್ಗೆ ಒಬ್ಬ ಗಂಡಸು ಬಂದು ಅಂಗಡಿಯ ಮೆಟ್ಟಿಲು ಹತ್ತದೆ ನೆನೆಯುತ್ತ ನಿಂತ. ಜವರಪ್ಪ ಸ್ಪ್ಯಾನರ್ ಕೆಳಗಿಟ್ಟು ಕೇಳಿದ್ದು ಎರಡೇ ಮಾತು: "ಯಾವೂರು? ಯಾರ ಮನೆ?" ಅವನು ಮೂರು ಊರುಗಳ ಹೆಸರು ಹೇಳಿದ. ಜವರಪ್ಪ ಅವನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡು, ಕಪ್ಪು ಸೈಕಲ್ ಹೊರಕ್ಕೆ ತಳ್ಳಿ, ಸೊಂಟಕ್ಕೆ ಟವಲು ಬಿಗಿದು ಹೊರಟ. ಸಾವಿನ ಸುದ್ದಿ ಮುಟ್ಟಿಸುವುದು ನಮ್ಮ ಮನೆಯೊಡೆಯನ ಎರಡನೆಯ ಕಸುಬಾಗಿತ್ತು! ಒಂದು ತಿಂಗಳಿಂದ ನಾನು ಅಂಥವನ ಮನೆಯ ಕಾಫಿ ಕುಡಿಯುತ್ತಿದ್ದೆ. ಹೇಳಿಕೊಳ್ಳುವುದಕ್ಕೆ ದೊಡ್ಡ ವಿಚಾರವಾದಿ, ಆ ದಿನ ಮಾತ್ರ ಲೋಟ ಮುಟ್ಟಲು ನನ್ನ ಕೈ ಹಿಂಜರಿಯಿತು. ಹೆಸರೂ ಜವರಪ್ಪ. ಯಮನ ಹೆಸರನ್ನೇ ಮಕ್ಕಳಿಗಿಟ್ಟು ಮುದ್ದಾಡುವ ಜನ ಈ ಕಡೆಯವರು.

ಮೊದಲು ಈ ಕೆಲಸವನ್ನು ಊರಾಚೆಯ ಕೇರಿಯವರ ತಲೆಗೆ ಕಟ್ಟಿದ್ದರು. ಯಾರೇ ಸತ್ತರೂ ಅವರು ಮಳೆ ಬಿಸಿಲೆನ್ನದೆ ಊರೂರು ನಡೆದು ತಿಳಿಸಬೇಕಿತ್ತು, ಬಿಟ್ಟಿಯಾಗಿ. ಸ್ವಾತಂತ್ರ್ಯ ಬಂದ ಮೇಲೆ ಆ ಕೇರಿಯ ಯುವಕರು ಇನ್ನು ನಾವು ಹೋಗುವುದಿಲ್ಲ ಎಂದರು. ಒಳ್ಳೆಯದನ್ನೇ ಮಾಡಿದರು. ಆದರೆ ಸಾವು ನಿಲ್ಲಲಿಲ್ಲ. ಟೆಲಿಫೋನು ಆಫೀಸುಗಳಲ್ಲಿ ಮಾತ್ರ. ಜವರಪ್ಪನ ಅಪ್ಪ ತೀರಿಕೊಂಡಾಗ ಇವನು ಬೇರೆ ಊರಿನಲ್ಲಿ ಕೂಲಿಗಿದ್ದನಂತೆ. "ನಂಗೆ ಸುದ್ದಿ ಮುಟ್ಟೋ ಹೊತ್ಗೆ ಬೂದಿ ಆರೋಗಿತ್ತು ಮೇಷ್ಟ್ರೇ. ಅಪ್ಪನ ಮುಖ ನೋಡ್ಲಿಲ್ಲ" ಎಂದಿದ್ದ ಒಮ್ಮೆ. ಅಂಗಡಿ ಹಾಕಿದ ಮೇಲೆ ಯಾರೋ ಬಂದು ಅತ್ತುಕೊಂಡು ಸೈಕಲ್ ಕೇಳಿದಾಗ, ನಾನೇ ಹೋಗಿಬರ್ತೀನಿ ಬುಡಿ ಅಂದವನು ಅಂದಿನಿಂದ ಹೋಗುತ್ತಲೇ ಇದ್ದ. ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ಆ ಮನೆಯವರು ಏನಾದರೂ ತಂದುಕೊಟ್ಟು ಹೋಗುತ್ತಿದ್ದರು. ಇವನಾಗಿ ಕೇಳಿದ್ದನ್ನು ನಾನು ಕಾಣೆ.

ಅದಕ್ಕೊಂದು ಕ್ರಮವಿತ್ತು. ಊರ ಬಾಗಿಲಲ್ಲಿ ಇಳಿದು ಸೈಕಲ್ ತಳ್ಳಿಕೊಂಡೇ ಒಳಗೆ ಹೋಗಬೇಕು. ಹೊಸಿಲು ದಾಟಬಾರದು, ಕೂರಬಾರದು, ನೀರು ಕೂಡ ಕುಡಿಯಬಾರದು. ಹಿಂದಿರುಗಿದ ಮೇಲೆ ಸೈಕಲ್ಲಿಗೂ ತನ್ನ ಮೈಗೂ ನಾಲ್ಕು ಬಿಂದಿಗೆ ನೀರು ಸುರಿಯಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು, ಸತ್ತರು ಎಂಬ ಮಾತು ಬಾಯಿಂದ ಬರಕೂಡದು. ಮುದುಕರು ಹೋಗಿದ್ದರೆ, "ಒಸಿ ಹುಷಾರಿಲ್ಲ, ನೋಡ್ಕೊಂಡು ಬರ್ಬೇಕಂತೆ" ಎನ್ನುತ್ತಿದ್ದ. ನಡುವಯಸ್ಸಿನವರಾದರೆ, "ಏನಿಲ್ಲ, ಜ್ವರ." ಎಳೆಯ ಜೀವ ಹೋಗಿದ್ದರೆ ಮಾತು ಇನ್ನೂ ಮೆತ್ತಗಾಗುತ್ತಿತ್ತು: "ಚೆನ್ನಾಗವ್ರೆ. ಸುಮ್ಕೆ ಕರ್ಕಂಡ್ ಬಾ ಅಂದ್ರು." ಸುತ್ತಲಿನ ಹಳ್ಳಿಗಳಿಗೆಲ್ಲ ಈ ಲೆಕ್ಕ ಗೊತ್ತಿತ್ತು. ಕಪ್ಪು ಸೈಕಲ್ ಕಂಡರೆ ಸಾವು, ಮಾತು ಮೆತ್ತಗಾದಷ್ಟೂ ಸಾವು ಘೋರ.

ನಾನು ಸುಮ್ಮನಿರುವವನೇ? "ಇದು ಸುಳ್ಳಲ್ಲವೇನಪ್ಪ? ಹೇಗೂ ಗೊತ್ತಾಗುತ್ತದೆ ಅಂದಮೇಲೆ ನೇರವಾಗಿ ಹೇಳಿಬಿಡಬಾರದೇ?" ಎಂದು ತಗಾದೆ ತೆಗೆದೆ.

"ಸೈಕಲ್ ನೋಡಿದೇಟ್ಗೆ ಅವ್ರಿಗೆ ಗೊತ್ತಾಗೋಯ್ತದೆ ಮೇಷ್ಟ್ರೇ" ಎಂದ ಜವರಪ್ಪ, ಚೈನಿಗೆ ಎಣ್ಣೆ ಬಿಡುತ್ತ. "ಆದ್ರೆ ನಾನು ಬಾಯ್ಬುಟ್ಟು ಯೋಳ್ಲಿಲ್ಲ ಅಂದ್ರೆ, ದಾರಿ ಸವೆಸೋವರ್ಗೂ ಇದ್ರೂ ಇರ್ಬೋದೇನೋ ಅಂತ ಕಾಲೆತ್ತಿ ಮಡುಗ್ತಾರೆ. ಅಷ್ಟೇಯ."

"ಮೌಢ್ಯ" ಎಂದೆ ನಾನು. ಅವನು ನಕ್ಕ. ನನ್ನ ಬಾಯಿಂದ ಆ ಪದ ಬಂದಾಗಲೆಲ್ಲ ನಗುತ್ತಿದ್ದ.

ಶ್ರಾವಣ, ಭಾದ್ರಪದ ಕಳೆದು ದಸರೆ ಬಂತು. ಊರ ತುಂಬ ನೆಂಟರು, ದೀಪಗಳು, ಧೂಳು. ಅಂಗಡಿಯ ಹನ್ನೊಂದು ಸೈಕಲ್ಲುಗಳೂ ಬೆಳಗಾಗುತ್ತಲೇ ಖಾಲಿ. ಆದರೆ ಜವರಪ್ಪನ ಗಮನ ಅಂಗಡಿಯಲ್ಲಿರಲಿಲ್ಲ. ಹಿನಕಲ್ಲಿನಲ್ಲಿದ್ದ ಅವನ ತಂಗಿ ಪುಟ್ಟತಾಯಮ್ಮನ ಒಬ್ಬಳೇ ಮಗಳು ಜಯಮ್ಮ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪುಟ್ಟತಾಯಮ್ಮ ಗಂಡ ಸತ್ತವಳು. ಜವರಪ್ಪನ ಮುದಿ ತಾಯಿಯೂ ಅವಳ ಜೊತೆಯಲ್ಲೇ ಇದ್ದಳು. ಜಯಮ್ಮನಿಗೆ ನೋವು ಕಾಣಿಸಿಕೊಂಡು ಒಂದು ದಿನ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಪುಟ್ಟತಾಯಮ್ಮ ಮಾತ್ರ ಆಸ್ಪತ್ರೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಳು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ಆಗ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಜವರಪ್ಪ ತಂಗಿಯ ಕೈ ಹಿಡಿದು, "ನನ್ ಮೇಲೆ ಬುಡವ್ವ. ನಿನ್ ಮಗಳ್ನ ತಿರುಗ್ಸಿ ತಂದು ಒಪ್ಪುಸ್ತೀನಿ" ಎಂದು ಮಾತು ಕೊಟ್ಟು ಜಯಮ್ಮನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆಯ ಹೆರಿಗೆ ಆಸ್ಪತ್ರೆಗೆ ತಂದ. ನಿಂಗಮ್ಮ ಅವಳ ಬಳಿ ಉಳಿದಳು. ಪುಟ್ಟತಾಯಮ್ಮ ಮುದುಕಿಯನ್ನು ಬಿಟ್ಟು ಬರಲಾಗದೆ ಹಿನಕಲ್ಲಿನಲ್ಲಿ ದಾರಿ ಕಾಯುತ್ತ ಕೂತಳು.

ಮಾರನೆಯ ದಿನ ಹತ್ತು ಗಂಟೆಗೆ ಜವರಪ್ಪ ಓಡುತ್ತ ಅಂಗಡಿಗೆ ಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಗಂಡು ಮಗು ಮೇಷ್ಟ್ರೇ! ತಾಯಿ ಮಗು ಇಬ್ರೂ ಗಟ್ಟಿಮುಟ್ಟಾಗವ್ರೆ. ಒಸಿ ಅಂಗ್ಡಿ ನೋಡ್ಕಳಿ. ಆಸ್ಪತ್ರೆಯೋರ್ಗೆಲ್ಲ ಸಕ್ಕರೆ ಹಂಚ್ಬುಟ್ಟು, ಮಧ್ಯಾಹ್ನದ ಮ್ಯಾಲೆ ನಡ್ಕೊಂಡೋಗಿ ಹಿನಕಲ್‌ನಲ್ಲಿ ಯೋಳ್ಬುಟ್ಟು ಬತ್ತೀನಿ."

ಸಕ್ಕರೆಯ ಪೊಟ್ಟಣ ಹಿಡಿದು ಹೋದ. ನಾನು ಒಬ್ಬನೇ ಕೂತೆ. ಅಲ್ಲಿ ಒಬ್ಬ ತಾಯಿ ಜೀವ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಾಳೆ, ಇಲ್ಲಿ ಸಂತೋಷದ ಸುದ್ದಿ ಮಧ್ಯಾಹ್ನದವರೆಗೆ ಕೊಳೆಯಬೇಕೇ? ಅಂಗಡಿಯಲ್ಲಿ ಸೈಕಲ್ಲಿಲ್ಲ. ಇಲ್ಲ ಎನ್ನುವುದು ಹೇಗೆ, ಒಂದು ಇತ್ತು. ಜವರಪ್ಪ ನಾಲ್ಕು ಮೈಲಿ ನಡೆದು ಹೋಗುತ್ತೇನೆ ಎಂದಿದ್ದು ಯಾಕೆ ಎಂದು ನನ್ನ ತಲೆಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಸಿಟ್ಟೂ ಬಂತು. ಕಬ್ಬಿಣಕ್ಕೂ ಮೈಲಿಗೆಯೇ? ಈ ಪಾಪದ ಸೈಕಲ್ಲು ಜನ್ಮಕ್ಕೊಮ್ಮೆ ಒಳ್ಳೆಯ ಸುದ್ದಿ ಹೊರಲಿ, ಈ ಮೌಢ್ಯ ಇವತ್ತಿಗೆ ಮುರಿಯಲಿ ಎಂದುಕೊಂಡೆ. ಅಂಗಡಿಯ ಹಲಗೆ ಬಾಗಿಲು ಎಳೆದು, ಕಪ್ಪು ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ, ಸುದ್ದಿ ಕೇಳಿ ಪುಟ್ಟತಾಯಮ್ಮನ ಮುಖ ಹೇಗೆ ಅರಳಬಹುದೆಂದು ಕಲ್ಪಿಸಿಕೊಂಡು ನಾನೇ ನಗುತ್ತಿದ್ದೆ. ರಾಗಿ ತೆನೆ ಕಟ್ಟಿತ್ತು, ಬಿಸಿಲು ಹಿತವಾಗಿತ್ತು.

ಹಿನಕಲ್ಲಿನ ಬೀದಿಯಲ್ಲಿ ಹಿಂದಿನ ದಿನದ ಮಳೆಗೆ ಕೆಸರು. ಚಕ್ರ ಹೂತುಕೊಂಡಿತೆಂದು ಇಳಿದು ತಳ್ಳಿಕೊಂಡು ನಡೆದೆ. ಬಾವಿ ಹತ್ತಿರದ ಹೆಂಗಸೊಬ್ಬಳು ನನ್ನನ್ನು ನೋಡಿ ಕೊಡ ಅಲ್ಲೇ ಬಿಟ್ಟು, "ಅಯ್ಯೋ, ಜಯಮ್ಮಾ!" ಎಂದು ಕಿರುಚಿ ಓಡಿದಳು. ನನಗೆ ಅರ್ಥವಾಗುವುದರೊಳಗೆ ಅವಳು ನನಗಿಂತ ಮುಂಚೆ ಆ ಮನೆ ತಲುಪಿದ್ದಳು. ಪುಟ್ಟತಾಯಮ್ಮ ಬಾಗಿಲಿಗೆ ಬಂದಳು. ನನ್ನ ಮುಖವನ್ನು ನೋಡಲೇ ಇಲ್ಲ, ಸೈಕಲ್ಲನ್ನು ನೋಡಿದಳು. ಬೆಲ್ಲಿಲ್ಲದ ಹ್ಯಾಂಡಲ್ಲನ್ನು ನೋಡಿದಳು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಹಾಗೇ ಕುಸಿದು ಕೂತಳು. ಆ ಬಾಯಿಂದ ಬಂದ ಕೂಗನ್ನು ನಾನು ಬರೆಯಲಾರೆ.

"ಅಮ್ಮಾ, ಇಲ್ಲಿ ಕೇಳಿ! ಗಂಡು ಮಗು! ಗಂಡು ಮಗು ಹುಟ್ಟಿದೆ!" ಎಂದು ಕೂಗಿದೆ.

ಕೇರಿಯ ಜನ ಸೇರಿದರು. ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಆಯ್ತು ಕಣಪ್ಪ, ನಿಮ್ ಕೆಲ್ಸ ಮುಗೀತು. ನೀವಿನ್ನು ಹೊರಡಿ" ಎಂದರು.

"ಮುಗಿದಿಲ್ಲ ಕಣ್ರೀ! ಯಾರಿಗೂ ಏನೂ ಆಗಿಲ್ಲ. ಇಬ್ಬರೂ ಚೆನ್ನಾಗಿದ್ದಾರೆ!"

ಅವರು ತಲೆಗೆ ಸುತ್ತಿದ್ದ ಟವಲನ್ನು ನಿಧಾನವಾಗಿ ಬಿಚ್ಚಿ ಕೈಯಲ್ಲಿ ಹಿಡಿದರು. ಜನರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಇಬ್ರೂವಂತೆ ಕಣ್ರಪ್ಪಾ" ಎಂದರು.

ಕೇರಿಗೆ ಕೇರಿಯೇ ಗೋಳಿಟ್ಟಿತು. ನಿಜ ಹೇಳುತ್ತಿದ್ದೇನೆ, ಗಂಟಲು ಹರಿಯುವಂತೆ ಹೇಳುತ್ತಿದ್ದೇನೆ, ಆದರೆ ನಾನು ಹೇಳಿದಷ್ಟೂ ಅವಳ ಮಗಳು ಇನ್ನಷ್ಟು ಸಾಯುತ್ತಿದ್ದಾಳೆ! ಚೆನ್ನಾಗಿದ್ದಾರೆ ಎಂದರೂ ಸಾವು, ನಗುತ್ತಿದ್ದಾರೆ ಎಂದರೂ ಸಾವು. ದೇವರಾಣೆ ಎಂದೆ, ನಾನು ದೇವರನ್ನು ನಂಬದವನು. ಕೊನೆಗೆ ಹುಚ್ಚು ಹಿಡಿದವನ ಹಾಗೆ ಜಗಲಿಯ ಮೇಲೆ ಕೂತು, "ನೀರು ಕೊಡಿ! ಸಾವಿನ ಸುದ್ದಿ ತಂದವನು ಕೂರುತ್ತಾನೇನ್ರೀ? ನೀರು ಕುಡಿಯುತ್ತಾನೇನ್ರೀ? ಕೊಡಿ, ಕುಡಿದು ತೋರಿಸ್ತೀನಿ!" ಎಂದು ಕಿರುಚಿದೆ. ಒಬ್ಬಾಕೆ ಕಣ್ಣೊರೆಸಿಕೊಂಡು ಚೆಂಬು ತಂದುಕೊಟ್ಟಳು. ಎಲ್ಲರೆದುರಿಗೆ ಗಟಗಟನೆ ಅಷ್ಟನ್ನೂ ಕುಡಿದೆ. "ಪಾಪ, ಹೊಸಬ್ರು. ಕ್ರಮ ತಿಳೀದು" ಎಂದು ಅವಳು ಪಕ್ಕದವಳಿಗೆ ಹೇಳಿದಳು.

ನನ್ನನ್ನು ನಂಬಿದ್ದು ಒಬ್ಬಳೇ, ಜವರಪ್ಪನ ಮುದಿ ತಾಯಿ. ಜಗಲಿಯ ಮೂಲೆಯಲ್ಲಿ ಕೂತಿದ್ದ ಆಕೆಗೆ ಕಣ್ಣಿಗೆ ಪೊರೆ ಬಂದು ಎದುರಿಗಿದ್ದ ಸೈಕಲ್ಲು ಕಾಣುತ್ತಿರಲಿಲ್ಲ. ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳಿದಾಗ, "ಗಂಡಾ? ಮೂಗು ಯಾರಂಗದೆ?" ಎಂದು ಬೊಚ್ಚು ಬಾಯಿ ಅಗಲಿಸಿ ನಕ್ಕಳು. ಆ ಗಲಾಟೆಯಲ್ಲಿ ಅವಳ ನಗುವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಪುಟ್ಟತಾಯಮ್ಮ ಎದ್ದವಳೇ ಬರಿಗಾಲಲ್ಲಿ ಮೈಸೂರಿನ ದಾರಿ ಹಿಡಿದಳು. ಅವಳ ಹಿಂದೆ ಹತ್ತಿಪ್ಪತ್ತು ಜನ, ಕೊನೆಯಲ್ಲಿ ಸೈಕಲ್ ತಳ್ಳಿಕೊಂಡು ನಾನು. ನಾಲ್ಕು ಮೈಲಿಯೂ ನಾನು ಮಗುವಿನ ವಿಷಯ ಹೇಳುತ್ತಲೇ ಇದ್ದೆ, ಅವರು ನನಗೆ ಸಮಾಧಾನ ಮಾಡುತ್ತಲೇ ಇದ್ದರು.

ಆಸ್ಪತ್ರೆಯ ಗೇಟಿನಲ್ಲಿ ಜವರಪ್ಪ ಆಯಾಗಳಿಗೆ ಸಕ್ಕರೆ ಹಂಚುತ್ತಿದ್ದ. ತಲೆಕೂದಲು ಕೆದರಿಕೊಂಡು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದ ತಂಗಿಯನ್ನು ಕಂಡ. ಊರ ಜನರನ್ನು ಕಂಡ. ಅವರ ಹಿಂದೆ ತನ್ನದೇ ಕಪ್ಪು ಸೈಕಲ್ಲನ್ನು ಕಂಡ. ಅವನ ಮುಖ ಬಿಳಿಚಿಕೊಂಡಿದ್ದು ದೂರದಿಂದಲೂ ಕಾಣುತ್ತಿತ್ತು. ಎಷ್ಟೋ ಮನೆಗಳಿಗೆ ಸುದ್ದಿ ಕೊಂಡೊಯ್ದವನ ಎದುರಿಗೆ ಆ ಸೈಕಲ್ಲು ಬಂದು ನಿಂತದ್ದು ಅದೇ ಮೊದಲು.

"ಅವ್ವ ಓಗ್ಬುಟ್ಲಾ?" ಎಂದ. "ಅಯ್ಯೋ, ಅವ್ವಾ!"

ಅವನು ತಾಯಿಗಾಗಿ ಅಳತೊಡಗಿದ, ಅವಳು ಮಗಳಿಗಾಗಿ ಅಳುತ್ತಿದ್ದಳು. ಹಿನಕಲ್ಲಿನ ಜಗಲಿಯ ಮೇಲೆ ಮುದುಕಿ ಗಟ್ಟಿಯಾಗಿ ಕೂತಿದ್ದಾಳೆ, ಇಲ್ಲಿ ಒಳಗೆ ಮಗಳು ಮಗುವಿಗೆ ಹಾಲೂಡಿಸುತ್ತಿದ್ದಾಳೆ. ನಡುವೆ ನಿಂತ ನನಗೆ ನಗು ಬಂತು. ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ಮರುಕ್ಷಣ ಪುಟ್ಟತಾಯಮ್ಮ ಅಣ್ಣನ ಅಂಗಿಯ ಎದೆ ಹಿಡಿದು ಅಲ್ಲಾಡಿಸುತ್ತ ಆಡಿದ ಮಾತು ಕೇಳಿ ನಗು ಸತ್ತುಹೋಯಿತು.

"ನನ್ ಮಗಳ್ನ ತಿಂದ್ಯಲ್ಲೋ! ಬ್ಯಾಡ ಬ್ಯಾಡ ಅಂದ್ರೂ ಎತ್ಕಂಡ್ ಬಂದ್ಯಲ್ಲೋ! ಊರೋರ ಸಾವಿನ ಕೂಳು ತಿಂದೂ ತಿಂದೂ ಸಾಲ್ದೆ ಓಯ್ತಾ ನಿಂಗೆ? ಮನೆ ಮಗೀನೇ ಬೇಕಾಯ್ತಾ?"

ಜವರಪ್ಪನ ಕೈಯ ಸಕ್ಕರೆ ನೆಲಕ್ಕೆ ಚೆಲ್ಲಿತು. ಗದ್ದಲ ಕೇಳಿ ನಿಂಗಮ್ಮ ಹೊರಗೆ ಓಡಿಬಂದಳು, ಹಸುಗೂಸನ್ನು ಎತ್ತಿಕೊಂಡೇ. ಮಗು ಆ ಕಿರುಚಾಟಕ್ಕೆ ಹೆದರಿ ಜೋರಾಗಿ ಅತ್ತಿತು. ಆ ಅಳು ಕೇಳಿದ ಮೇಲೆ ಉಳಿದವರ ಅಳು ಒಂದೊಂದಾಗಿ ನಿಂತಿತು. ಪುಟ್ಟತಾಯಮ್ಮ ಮಗುವನ್ನು ನೋಡಿದಳು, ನಿಂಗಮ್ಮನನ್ನು ನೋಡಿದಳು, ಅಣ್ಣನ ಅಂಗಿ ಬಿಟ್ಟು ಒಳಗೆ ಓಡಿದಳು. ಜವರಪ್ಪ ನನ್ನನ್ನು ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಸೈಕಲ್ಲನ್ನು ನನ್ನ ಕೈಯಿಂದ ಬಿಡಿಸಿಕೊಂಡು, ತಳ್ಳಿಕೊಂಡು ಮನೆಯ ಕಡೆ ಹೋದ.

ಮಾರನೆಯ ದಿನ ಪುಟ್ಟತಾಯಮ್ಮ ಬಂದು ಅತ್ತಳು, ಬಾಯಿ ತಪ್ಪಿ ಬಂತು ಕಣಣ್ಣಯ್ಯ ಎಂದಳು. "ಆಯ್ತು ಬುಡವ್ವ" ಎಂದ. ಅಷ್ಟೇ ಹೊರತು ನಾಮಕರಣಕ್ಕೆ ಹಿನಕಲ್ಲಿಗೆ ಹೋಗಲಿಲ್ಲ. ಆ ಮಗು ನಡೆಯುವುದನ್ನು ಕಲಿಯುವವರೆಗೂ ಅಣ್ಣ ಆ ಹೊಸಿಲು ತುಳಿಯಲಿಲ್ಲ. ಕಪ್ಪು ಸೈಕಲ್ಲಿಗೆ ಸರಪಳಿ ಹಾಕಿ ಹಿತ್ತಲಿನ ಗೋಡೆಗೆ ಬಿಗಿದ. ಸುದ್ದಿಗೆಂದು ಯಾರಾದರೂ ಬಂದು ಮೆಟ್ಟಿಲ ಕೆಳಗೆ ನಿಂತರೆ, "ಆ ಕೆಲ್ಸ ಬುಟ್ಬುಟ್ಟಿವ್ನಿ. ಬ್ಯಾರೆ ಯಾರ್ನಾದ್ರೂ ನೋಡ್ಕಳಿ" ಎಂದು ಮುಖ ತಿರುಗಿಸುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಹೆಬ್ಬಾಳದ ಹೆಣ್ಣುಮಗಳೊಬ್ಬಳು ಸುದ್ದಿ ತಿಳಿಯದೆ, ಸಂತೆಗೆಂದು ಪೇಟೆಗೆ ಬಂದವಳು, ಅಪ್ಪ ಮಣ್ಣಾಗಿ ಎರಡು ದಿನವಾದ ಮೇಲೆ ತವರಿನ ಬಾಗಿಲಲ್ಲಿ ನಿಂತಳಂತೆ. ಆ ವಿಷಯ ಕೇಳಿದ ದಿನ ಜವರಪ್ಪ ಊಟ ಬಿಟ್ಟ. ಆದರೂ ಸರಪಳಿ ಬಿಚ್ಚಲಿಲ್ಲ. ತಂಗಿ ಸಿಟ್ಟಿನಲ್ಲಿ ಆಡಿದ್ದನ್ನೇ ಊರೆಲ್ಲ ಒಳಗೊಳಗೆ ಆಡುತ್ತಿದೆ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಇದಕ್ಕೆಲ್ಲ ಕಾರಣ ನಾನು. ಅವನ ಎದುರಿಗೆ ಕೂತು ಅನ್ನ ಉಣ್ಣುವುದು ನನಗೆ ಕಷ್ಟವಾಗುತ್ತಿತ್ತು.

ಕಾರ್ತಿಕದ ಒಂದು ಭಾನುವಾರ. ನಮ್ಮ ಬೀದಿಯಾಚೆಯ ಮರ ಕೊಯ್ಯುವ ಮಿಲ್ಲಿನಿಂದ ಇಬ್ಬರು ಬಂದು ಮೆಟ್ಟಿಲ ಕೆಳಗೆ ನಿಂತರು. ದಿಮ್ಮಿ ಉರುಳಿ ಮುನಿಸ್ವಾಮಿ ಎಂಬ ಬಡಗಿ ಸತ್ತಿದ್ದ. ಇಪ್ಪತ್ತೈದರ ಹುಡುಗ, ಕೋಲಾರದ ಕಡೆಯವನು. ಮದುವೆಯಾಗಿ ಹೆಂಡತಿಯನ್ನು ಕರೆತಂದು ಮೂರು ತಿಂಗಳು, ಶ್ರೀರಾಂಪುರದಲ್ಲಿ ಒಂದು ಗುಡಿಸಲು. "ನಮ್ ಬಾಯಲ್ಲಿ ಯೋಳಕ್ಕೆ ಆಗಲ್ಲ ಜವರಪ್ಪಣ್ಣ, ನೀವೇ ಬರ್ಬೇಕು" ಎಂದು ಕೈಮುಗಿದರು. ಜವರಪ್ಪ ತಲೆಯೆತ್ತಲಿಲ್ಲ. ಅವನ ಕೈ ಮಾತ್ರ ಟ್ಯೂಬಿನ ಮೇಲೆ ಒಂದೇ ಜಾಗವನ್ನು ಉಜ್ಜುತ್ತಲೇ ಇತ್ತು.

"ನಾನು ಹೋಗ್ತೀನಿ" ಎಂದೆ.

ಜವರಪ್ಪ ಟ್ಯೂಬು ಕೆಳಗಿಟ್ಟು ಎದ್ದ. ಆಮೇಲೆ ಹಿತ್ತಲಿಗೆ ಹೋಗಿ ಸರಪಳಿ ಬಿಚ್ಚಿ ಸೈಕಲ್ ತಂದ. "ನೀವು ಬಾಯ್ಬುಡೋಕ್ ಮುಂಚೆ ಇದೇ ಯೋಳ್ತದೆ. ನೀವು ಸುಮ್ಕೆ ನಿಂತ್ಕಳಿ ಸಾಕು" ಎಂದ.

ನೇರವಾಗಿ ಹೇಳಿಬಿಡಬೇಕು ಎಂದೇ ಹೊರಟಿದ್ದೆ. ನಿಮ್ಮ ಗಂಡ ತೀರಿಕೊಂಡರು, ಇಷ್ಟೇ ತಾನೇ. ದಾರಿಯಲ್ಲಿ ಆ ಮಾತನ್ನು ಮಕ್ಕಳು ಮಗ್ಗಿ ಒಪ್ಪಿಸುವಂತೆ ಹೇಳಿಕೊಂಡೆ. ಶ್ರೀರಾಂಪುರದಲ್ಲಿ ಆಗ ಹೊಲಗಳೇ ಜಾಸ್ತಿ. ಆ ಗುಡಿಸಲಿನ ಮುಂದೆ ಹುಡುಗಿ ಅಂಗಳ ಸಾರಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ಸೈಕಲ್ಲನ್ನೂ ನೋಡಿದಳು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಸೈಕಲ್ಲು ನನಗಾಗಿ ಹೇಳಲಿಲ್ಲ. ಅವಳು ಈ ಕಡೆಯವಳಲ್ಲ, ಅವಳಿಗೆ ಅದೊಂದು ಹಳೇ ಸೈಕಲ್ಲು ಅಷ್ಟೇ.

"ಯಾರು ಬೇಕಾಗಿತ್ತು ಸಾರ್?" ಎಂದಳು.

"ಮುನಿಸ್ವಾಮಿ..." ಎಂದೆ. ಮುಂದಿನ ಮಾತು ಬಾಯಿಗೆ ಬಂದಿತ್ತು. ಅವಳ ಸಾರಿಸಿದ ಕೈ, ಹಣೆಯ ಕುಂಕುಮ, ಆ ನೋಟ. "ಚೆನ್ನಾಗಿದ್ದಾರೆ" ಎಂದುಬಿಟ್ಟೆ. "ಸುಮ್ಮನೆ ನಿಮ್ಮನ್ನು ಕರೆದುಕೊಂಡು ಬಾ ಅಂದರು."

ಅವಳು ಫಕ್ಕನೆ ನಕ್ಕಳು. "ಗೊತ್ತಾಯ್ತು ಬಿಡಿ. ಬೆಳಗ್ಗೆ ನನ್ ಮೇಲೆ ಮುನಿಸ್ಕೊಂಡು ಊಟದ ಡಬ್ಬಿ ಬಿಟ್ಟು ಹೋಗವ್ರೆ. ಈಗ ಹೊಟ್ಟೆ ಹಸಿದೈತೆ, ಬಾಯ್ಬಿಟ್ಟು ಕೇಳಕ್ಕೆ ನಾಚ್ಕೆ. ನನ್ನೇ ಬಾ ಅಂತ ಹೇಳ್ಕಳಿಸವ್ರೆ! ಒಂದು ಗಳಿಗೆ ನಿಂತ್ಕೊಳ್ಳಿ ಸಾರ್, ಸಾರು ಬಿಸಿ ಮಾಡ್ಕೊಂಡು ಬರ್ತೀನಿ."

ನಾನು ನಿಂತೆ. ಒಳಗೆ ಒಲೆ ಊದುವ ಸದ್ದು, ಪಾತ್ರೆಯ ಸದ್ದು ಕೇಳುತ್ತಿತ್ತು. ಓಡಿಹೋಗಬೇಕು ಎನಿಸಿತು, ಸತ್ಯ ಕೂಗಿಬಿಡಬೇಕು ಎನಿಸಿತು, ಯಾವುದೂ ಆಗಲಿಲ್ಲ. ಅವಳು ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಳು. ಬಿಸಿ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಸೈಕಲ್ಲಿನ ಹ್ಯಾಂಡಲ್ಲಿಗೆ ತಾನೇ ತೂಗುಹಾಕಿದಳು.

ಮೂರು ಮೈಲಿ ನಡೆದೆವು. ನನ್ನ ಎರಡು ಮಾತಿನಲ್ಲೇ ನಾನು ಅವಳ ಸೀಮೆಯವನೆಂದು ಕಂಡುಹಿಡಿದು ಅವಳಿಗೆ ಹಿಗ್ಗೋ ಹಿಗ್ಗು. ಮೂರು ತಿಂಗಳಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಯಾರೂ ಸಿಕ್ಕಿರಲಿಲ್ಲವಂತೆ. ಊರ ಕೆರೆ, ಹುಣಸೆತೋಪು, ತನ್ನ ತಂಗಿಯರು, ಬೆಳಗಿನ ಜಗಳ ಯಾಕೆ ಬಂತು ಎಂಬುದನ್ನೆಲ್ಲ ಹೇಳಿದಳು. ನಾನು ಹೂಂ ಎನ್ನುತ್ತಿದ್ದೆ. ಪೇಟೆ ಹತ್ತಿರವಾಗುತ್ತಿದ್ದಂತೆ ಗಾಡಿಯವನೊಬ್ಬ ಎತ್ತುಗಳನ್ನು ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿದ. ಬೀಡಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವರು ಬೀಡಿ ಆರಿಸಿ ಎದ್ದು ನಿಂತರು. ಒಬ್ಬ ಮುದುಕ ರುಮಾಲು ತೆಗೆದ. ಎಲ್ಲರೂ ಸೈಕಲ್ಲನ್ನು ನೋಡಿ ಆಮೇಲೆ ಅವಳನ್ನು ನೋಡುತ್ತಿದ್ದರು.

"ಮೈಸೂರಿನ ಜನ ಎಷ್ಟು ಮರ್ಯಾದಸ್ಥರು ಅಲ್ವಾ ಸಾರ್?" ಎಂದಳು ಅವಳು, ಸೆರಗು ಸರಿಮಾಡಿಕೊಳ್ಳುತ್ತ. "ಒಂದು ಹೆಂಗಸು ನಡೆದು ಬಂದ್ರೆ ಎದ್ದು ನಿಲ್ತಾರೆ."

ನನ್ನ ಕಾಲು ಅಲ್ಲೇ ನಿಂತುಹೋಯಿತು. ಜವರಪ್ಪ ಅಂಗಡಿಯ ಮುಂದೆ ರಸ್ತೆಗಿಳಿದು ನಮ್ಮನ್ನೇ ಕಾಯುತ್ತಿದ್ದ. ಹತ್ತಿರ ಬಂದು, ನಗುತ್ತಿದ್ದ ಅವಳನ್ನು ನೋಡಿದ. ಹ್ಯಾಂಡಲ್ಲಿಗೆ ಕಟ್ಟಿದ ಡಬ್ಬಿಯನ್ನು ನೋಡಿದ. ಸೊಂಟಕ್ಕೆ ಟವಲು ಬಿಗಿದುಕೊಂಡು, ನನ್ನ ಕೈಯಿಂದ ಸೈಕಲ್ಲನ್ನು ತೆಗೆದುಕೊಂಡ.

"ನೀವು ಬುಡಿ ಮೇಷ್ಟ್ರೇ. ಇನ್ ಮ್ಯಾಲೆ ನಾನೇ ಓಯ್ತೀನಿ" ಎಂದ. ಅವಳಿಗೆ, "ಬಾರವ್ವ" ಎಂದ.

ಅವಳು ಅವನ ಹಿಂದೆ ನಾಲ್ಕು ಹೆಜ್ಜೆ ನಡೆದು, ನಾನು ಬರುತ್ತಿಲ್ಲವೆಂದು ತಿರುಗಿ ನಿಂತಳು.

"ನೀವ್ಯಾಕೆ ನಿಂತ್ರಿ ಸಾರ್? ಬನ್ನಿ, ಇಬ್ಬರಿಗಾಗೋಷ್ಟು ಹಾಕಿದೀನಿ. ಅವರ ಜೊತೆ ಕೂತು ನಮ್ಮೂರ ಸಾರು ನಾಲ್ಕು ತುತ್ತು ಉಣ್ಣಿ" ಎಂದಳು.